ಅನಿಲಚಾಲಿತ ರೈಫಲು ಮತ್ತು ಅದರ ಅನಿಲ ವ್ಯವಸ್ಥೆಯ ಮಾರ್ಪಾಡು

ಗುಂಡು ಹಾರಿದಾಗ ನಳಿಕೆಯೊಳಗೆ ಹುಟ್ಟುವ ಬಿಸಿ ಅನಿಲದ ಒಂದು ಪಾಲನ್ನು ಬಳಸಿಕೊಂಡು ಖಾಲಿ ತೋಟಾವನ್ನು ಹೊರಗೆಸೆದು, ಹೊಸ ತೋಟಾವನ್ನು ತಾನಾಗಿ ತುಂಬಿಕೊಳ್ಳುವ ಬಂದೂಕಿಗೆ ಅನಿಲಚಾಲಿತ ರೈಫಲು ಎನ್ನುತ್ತಾರೆ. ಕುದುರೆಯನ್ನು ಒಮ್ಮೆ ಎಳೆದಾಗ ಒಂದೇ ಗುಂಡು ಹಾರಿದರೆ ಅದು ಅರೆಸ್ವಯಂಚಾಲಿತ, ಎಳೆದು ಹಿಡಿದಷ್ಟು ಹೊತ್ತೂ ಹಾರುತ್ತಲೇ ಇದ್ದರೆ ಪೂರ್ಣ ಸ್ವಯಂಚಾಲಿತ. ಅನಿಲವನ್ನು ನಳಿಕೆಯ ಯಾವ ಜಾಗದಲ್ಲಿ ಹಿಡಿಯಬೇಕು, ಯಾವ ದಾರಿಯಲ್ಲಿ ಒಯ್ಯಬೇಕು, ಯಾವ ಭಾಗವನ್ನು ಅದರಿಂದ ತಳ್ಳಿಸಬೇಕು ಎಂಬುದರ ಮೇಲೆ ಹಲವು ಬಗೆಯ ವ್ಯವಸ್ಥೆಗಳು ಬೆಳೆದಿವೆ. ಒಂದು ಬಗೆಯಿಂದ ಇನ್ನೊಂದಕ್ಕೆ ರೈಫಲನ್ನು ಬದಲಾಯಿಸಿದ ಪ್ರಯತ್ನಗಳು ಇಪ್ಪತ್ತನೆಯ ಶತಮಾನದ ಉದ್ದಕ್ಕೂ ನಡೆದವು. ಅವುಗಳಲ್ಲಿ ಅತ್ಯಂತ ಪರಿಣಾಮಕಾರಿಯಾದದ್ದು ಅಮೆರಿಕದ ಎಂ1 ಗ್ಯಾರಂಡ್ ರೈಫಲಿಗೆ 1940ರಲ್ಲಿ ಆದ ಮಾರ್ಪಾಡು. ಅತ್ಯಂತ ಹೆಚ್ಚು ಚರ್ಚೆಗೆ ಒಳಗಾದದ್ದು ಎಂ16 ವಂಶದ ರೈಫಲುಗಳಿಗೆ ಪಿಸ್ಟನ್ ಜೋಡಿಸಿದ ಈಚಿನ ಪ್ರಯತ್ನ.

ಕೆಲಸದ ಬಗೆ

ಸೈನಿಕ ರೈಫಲಿನಲ್ಲಿ ಮದ್ದು ಉರಿದಾಗ ತೋಟಾ ಕೂರುವ ಚೇಂಬರಿನ ಒತ್ತಡ ಚದರ ಅಂಗುಲಕ್ಕೆ ಸುಮಾರು 50,000 ಪೌಂಡುಗಳವರೆಗೆ ಏರುತ್ತದೆ. ಆ ಹೊತ್ತಿಗೆ ಚೇಂಬರಿನ ಹಿಂಬದಿಯನ್ನು ಮುಚ್ಚುವ ಬೋಲ್ಟು ತೆರೆದುಕೊಂಡರೆ ತೋಟಾದ ಹಿತ್ತಾಳೆಯ ಕವಚ ಸೀಳಿ ಬಂದೂಕು ಹಿಡಿದವನಿಗೇ ಪೆಟ್ಟಾಗುತ್ತದೆ. ಆದ್ದರಿಂದ ಗುಂಡು ನಳಿಕೆಯನ್ನು ಬಿಟ್ಟು, ಒತ್ತಡ ಇಳಿಯುವವರೆಗೆ ಬೋಲ್ಟು ಬೀಗ ಹಾಕಿಕೊಂಡೇ ಇರಬೇಕು. ಅನಿಲ ವ್ಯವಸ್ಥೆಯ ಗುಟ್ಟೆಲ್ಲ ಈ ತಡೆಯಲ್ಲಿದೆ. ಗುಂಡು ರಂಧ್ರವೊಂದನ್ನು ದಾಟಿದ ಮೇಲೆ ಅನಿಲ ಆ ರಂಧ್ರದಿಂದ ಹೊರಬಂದು ಪಿಸ್ಟನ್ನನ್ನೋ ಬೋಲ್ಟನ್ನು ಹೊತ್ತ ಭಾಗವನ್ನೋ ತಳ್ಳುತ್ತದೆ. ಆ ಭಾಗ ಸ್ವಲ್ಪ ದೂರ ಬರಿದೆ ಸರಿದು, ಆಮೇಲೆ ಬೋಲ್ಟನ್ನು ತಿರುಗಿಸಿ ಬೀಗ ಬಿಡಿಸಿ, ಹಿಂದಕ್ಕೆ ಒಯ್ಯುತ್ತದೆ. ಹಿಂದಿನ ಸ್ಪ್ರಿಂಗು ಅದನ್ನು ಮತ್ತೆ ಮುಂದಕ್ಕೆ ತಳ್ಳುವಾಗ ಮ್ಯಾಗಜಿನ್ನಿನ ಮೇಲಿನ ತೋಟಾ ಚೇಂಬರಿಗೆ ಹೋಗುತ್ತದೆ. ಇಷ್ಟೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ.

ಮುಖ್ಯ ಬಗೆಗಳು ನಾಲ್ಕು ಎನ್ನಬಹುದು. ಉದ್ದ ಓಟದ ಪಿಸ್ಟನ್ನು ಬೋಲ್ಟಿನ ವಾಹಕಕ್ಕೆ ಬೆಸೆದಂತೆಯೇ ಇದ್ದು ಅದರ ಜೊತೆ ಕೊನೆಯವರೆಗೂ ಹೋಗಿಬರುತ್ತದೆ. ಗ್ಯಾರಂಡ್ ಮತ್ತು ಕಲಾಶ್ನಿಕೋವ್ ರೈಫಲುಗಳದ್ದು ಈ ಬಗೆ. ಗಿಡ್ಡ ಓಟದ ಪಿಸ್ಟನ್ನು ವಾಹಕಕ್ಕೆ ಒಂದು ಏಟು ಕೊಟ್ಟು ಅಲ್ಲೇ ನಿಲ್ಲುತ್ತದೆ, ಉಳಿದ ದಾರಿಯನ್ನು ವಾಹಕ ತನ್ನ ವೇಗದಿಂದಲೇ ಸಾಗುತ್ತದೆ. ಸೋವಿಯತ್ ತೋಕರೆವ್, ಬೆಲ್ಜಿಯಂನ ಫಾಲ್ ಮತ್ತು ಅದರ ಭಾರತೀಯ ರೂಪವಾದ ಎಸ್‌ಎಲ್‌ಆರ್ ಈ ಬಗೆಯವು. ನೇರ ಅನಿಲ ವ್ಯವಸ್ಥೆಯಲ್ಲಿ ಪಿಸ್ಟನ್ನೇ ಇಲ್ಲ. ಸಣ್ಣ ಕೊಳವೆಯೊಂದು ಅನಿಲವನ್ನು ಹಿಂದಕ್ಕೆ ಒಯ್ದು ವಾಹಕಕ್ಕೆ ಊದುತ್ತದೆ. ನಾಲ್ಕನೆಯದು ನಳಿಕೆಯ ಬಾಯಿಯಲ್ಲಿ ಅನಿಲ ಹಿಡಿಯುವ ವ್ಯವಸ್ಥೆ. ಇದರಲ್ಲಿ ನಳಿಕೆಗೆ ರಂಧ್ರ ಕೊರೆಯುವುದೇ ಇಲ್ಲ, ಗುಂಡು ಹೊರಬಿದ್ದ ಮೇಲೆ ಅದರ ಹಿಂದೆ ನುಗ್ಗುವ ಅನಿಲವನ್ನು ತುದಿಯ ಟೊಪ್ಪಿಗೆಯೊಂದು ತಡೆದು ಬಳಸಿಕೊಳ್ಳುತ್ತದೆ. ಪಿಸ್ಟನ್ನಿರುವ ಬಗೆಗಳಲ್ಲೆಲ್ಲ ನಡೆಯುವುದು ಸೈಕಲ್ ಪಂಪಿನ ಕೆಲಸವೇ, ತಿರುಗುಮುರುಗಾಗಿ.

ಈ ಬಗೆಗಳನ್ನು ಒಂದರ ಪಕ್ಕ ಒಂದಿಟ್ಟು ಯಾವುದು ಮೇಲು ಎಂದು ಕೇಳುವುದು ವಾಡಿಕೆ. ಆದರೆ ರೈಫಲಿನ ನಡತೆಯನ್ನು ನಿರ್ಧರಿಸುವುದು ಬಗೆ ಒಂದೇ ಅಲ್ಲ. ರಂಧ್ರ ಚೇಂಬರಿನಿಂದ ಎಷ್ಟು ದೂರ, ಅದರ ಅಗಲ ಎಷ್ಟು, ರಂಧ್ರ ದಾಟಿದ ಮೇಲೆ ಗುಂಡು ಎಷ್ಟು ಹೊತ್ತು ನಳಿಕೆಯಲ್ಲಿರುತ್ತದೆ, ಮದ್ದು ಬೇಗ ಉರಿಯುವಂಥದೋ ನಿಧಾನವೋ, ಚಲಿಸುವ ಭಾಗಗಳ ತೂಕ ಎಷ್ಟು, ಸ್ಪ್ರಿಂಗು ಎಷ್ಟು ಬಿಗಿ ಎಂಬುವೆಲ್ಲ ಒಂದಕ್ಕೊಂದು ತೂಗಿಕೊಂಡಿರುತ್ತವೆ. ಇವುಗಳಲ್ಲಿ ಒಂದನ್ನು ಬದಲಾಯಿಸಿದವರು ಉಳಿದವನ್ನೂ ಮುಟ್ಟಬೇಕಾಗುತ್ತದೆ. ಮಾರ್ಪಾಡಿನ ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣುವುದು ಇದೇ.

ಆರಂಭದ ಪ್ರಯೋಗಗಳು

ಹೈರಮ್ ಮ್ಯಾಕ್ಸಿಮ್ 1880ರ ದಶಕದಲ್ಲಿ ಮಾಡಿದ ಮಷಿನ್ ಗನ್ ಬಂದೂಕಿನ ಹಿನ್ನೂಕಿನ ಬಲದಿಂದ ನಡೆಯುತ್ತಿತ್ತು, ಅನಿಲದಿಂದಲ್ಲ. ಅಮೆರಿಕದ ಯೂಟಾದ ಆಗ್ಡೆನ್ ಊರಿನ ಜಾನ್ ಬ್ರೌನಿಂಗ್ 1889ರ ಸುಮಾರಿಗೆ ಬೇರೆ ದಾರಿ ಹಿಡಿದ. ಗುಂಡು ಹಾರಿಸಿದಾಗ ನಳಿಕೆಯ ಮುಂದಿನ ಹುಲ್ಲು ಅನಿಲದ ರಭಸಕ್ಕೆ ಮಲಗಿದ್ದನ್ನು ಕಂಡು, ವ್ಯರ್ಥವಾಗಿ ಹೋಗುವ ಈ ಬಲವನ್ನು ದುಡಿಸಿಕೊಳ್ಳಬಹುದೆಂದು ಅವನಿಗೆ ಹೊಳೆಯಿತು. ಕೈಯಿಂದ ಸನ್ನೆಯನ್ನು ಹಿಂದೆಮುಂದೆ ಆಡಿಸಿ ತುಂಬುವ 1873ರ ಮಾದರಿಯ ವಿಂಚೆಸ್ಟರ್ ರೈಫಲೊಂದನ್ನು ಅವನು ತೆಗೆದುಕೊಂಡ. ಅದರ ನಳಿಕೆಯ ಬಾಯಿಯ ಮುಂದೆ, ಗುಂಡು ಹೋಗಲು ತೂತಿರುವ ಒಂದು ರೆಕ್ಕೆಯನ್ನು ನಿಲ್ಲಿಸಿ ಸರಳೊಂದರಿಂದ ಸನ್ನೆಗೆ ಜೋಡಿಸಿದ. ಗುಂಡು ತೂತಿನಲ್ಲಿ ಪಾರಾಗುತ್ತಿದ್ದಂತೆ ಅನಿಲ ರೆಕ್ಕೆಯನ್ನು ಮುಂದಕ್ಕೆ ತಳ್ಳುತ್ತಿತ್ತು, ಸರಳು ಸನ್ನೆಯನ್ನು ಆಡಿಸುತ್ತಿತ್ತು. ಅನಿಲಚಾಲಿತ ಬಂದೂಕಿನ ಮೊದಲ ಪ್ರಯೋಗಗಳಲ್ಲಿ ಒಂದು ಹೀಗೆ ಹಳೆಯ ಬಂದೂಕಿನ ಮಾರ್ಪಾಡೇ ಆಗಿತ್ತೆಂಬುದು ಗಮನಿಸತಕ್ಕದ್ದು. ಇದೇ ವಿಚಾರವನ್ನು ಬೆಳೆಸಿ ಬ್ರೌನಿಂಗ್ ಮಾಡಿದ ಮಷಿನ್ ಗನ್ನನ್ನು ಕೋಲ್ಟ್ ಕಂಪನಿ 1895ರ ಮಾದರಿಯಾಗಿ ಹೊರತಂದಿತು.

ಮೆಕ್ಸಿಕೋದ ಸೇನಾಧಿಕಾರಿ ಮಾನ್ವೆಲ್ ಮೊಂಡ್ರಗಾನ್ ರೂಪಿಸಿದ ಪಿಸ್ಟನ್ ರೈಫಲನ್ನು ಆ ದೇಶದ ಸೇನೆ 1908ರಲ್ಲಿ ಒಪ್ಪಿಕೊಂಡಿತು. ತಯಾರಿಸಿದ್ದು ಸ್ವಿಟ್ಸರ್ಲೆಂಡಿನ ಎಸ್‌ಐಜಿ ಕಾರ್ಖಾನೆ. ಫ್ರಾನ್ಸ್ ಮೊದಲ ಮಹಾಯುದ್ಧದ ನಡುವೆಯೇ 1917ರ ಮಾದರಿಯ ಅರೆಸ್ವಯಂಚಾಲಿತ ರೈಫಲನ್ನು ಸೈನಿಕರ ಕೈಗೆ ಕೊಟ್ಟಿತು. ಡೆನ್ಮಾರ್ಕಿನ ಸೋರೆನ್ ಬಾಂಗ್ ಮಾತ್ರ ನಳಿಕೆಗೆ ರಂಧ್ರ ಕೊರೆಯಲು ಒಪ್ಪದೆ, ಬಾಯಿಯಲ್ಲೊಂದು ಟೊಪ್ಪಿಗೆ ಇಟ್ಟು ಅನಿಲ ಹಿಡಿದ. ರಂಧ್ರದ ಸುತ್ತ ಲೋಹ ಸವೆದು ನಳಿಕೆ ಬೇಗ ಕೆಡುತ್ತದೆ, ಗುರಿ ತಪ್ಪುತ್ತದೆ ಎಂಬ ಭಯ ಆ ಕಾಲದ ಶಸ್ತ್ರ ತಜ್ಞರಲ್ಲಿ ಬಲವಾಗಿತ್ತು. ಮುಂದಿನ ಇಪ್ಪತ್ತೈದು ವರ್ಷ ಎರಡು ದೊಡ್ಡ ಸೇನೆಗಳು ಈ ಭಯದ ಬೆಲೆ ತೆತ್ತವು.

ಎಂ1 ಗ್ಯಾರಂಡ್

ಜಾನ್ ಗ್ಯಾರಂಡ್ ಹುಟ್ಟಿದ್ದು 1888ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದ ಒಂದು ಹಳ್ಳಿಯಲ್ಲಿ. ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದು, ಗಿರಣಿ ಮತ್ತು ಯಂತ್ರದ ಅಂಗಡಿಗಳಲ್ಲಿ ಕೆಲಸ ಕಲಿತು, 1919ರಲ್ಲಿ ಮೆಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಸರ್ಕಾರಿ ಶಸ್ತ್ರಾಗಾರವನ್ನು ಸೇರಿದ. ಅವನ ಮೊದಲ ಮಾದರಿ ಅನಿಲಚಾಲಿತವಾಗಿರಲಿಲ್ಲ. ತೋಟಾದ ಹಿಂದಿನ ಕ್ಯಾಪು ಸಿಡಿದು ಹಿಂದಕ್ಕೆ ಸರಿಯುವ ಚಲನೆಯಿಂದ ಬೋಲ್ಟು ಬಿಡಿಸುವ ಜಾಣತನ ಅದರಲ್ಲಿತ್ತು. ಸೇನೆ ಹೊಸ ಬಗೆಯ ಮದ್ದಿಗೆ ಹೋಗಿ, ಕ್ಯಾಪು ಅಲುಗದಂತೆ ಬಿಗಿಮಾಡಿದಾಗ ಆ ಜಾಣತನ ಕೆಲಸಕ್ಕೆ ಬಾರದಾಯಿತು. ಗ್ಯಾರಂಡ್ ಅನಿಲದತ್ತ ತಿರುಗಿದ್ದು ಆಗ. 1932ರಲ್ಲಿ ಸೇನಾ ಮುಖ್ಯಸ್ಥ ಡಗ್ಲಸ್ ಮೆಕಾರ್ಥರ್, ಪರೀಕ್ಷೆಯಲ್ಲಿದ್ದ ಸಣ್ಣ .276 ತೋಟಾವನ್ನು ತಳ್ಳಿಹಾಕಿ ಉಗ್ರಾಣದಲ್ಲಿ ರಾಶಿ ಬಿದ್ದಿದ್ದ .30 ತೋಟಾವನ್ನೇ ಉಳಿಸಿಕೊಳ್ಳಲು ಹೇಳಿದ. ಎಂಟು ತೋಟಾಗಳ ಕ್ಲಿಪ್ಪು ನುಂಗುವ ಈ ರೈಫಲು 1936ರ ಜನವರಿಯಲ್ಲಿ ಎಂ1 ಎಂಬ ಹೆಸರಿನಲ್ಲಿ ಸೇನೆಗೆ ಅಂಗೀಕೃತವಾಯಿತು.

ಅಂಗೀಕೃತವಾದ ರೂಪದಲ್ಲಿ ಅನಿಲ ಹಿಡಿಯುತ್ತಿದ್ದುದು ನಳಿಕೆಯ ಬಾಯಿಯಲ್ಲಿ. ಅದರ ತುದಿಯನ್ನು ಹತ್ತಿರದಿಂದ ನೋಡಿದರೆ ತೊಡಕು ಎಲ್ಲಿತ್ತೆಂದು ತಿಳಿಯುತ್ತದೆ. ನಿಜವಾದ ನಳಿಕೆ ಹೊರಗೆ ಕಾಣುವುದಕ್ಕಿಂತ ಸುಮಾರು ಎರಡು ಅಂಗುಲ ಮೋಟು. ಅದರ ಮೇಲೆ ಸಿಲಿಂಡರೊಂದನ್ನು ತೊಡಿಸಿ, ಮುಂದುಗಡೆ ನಡುವೆ ತೂತಿದ್ದ ಬಿರಡೆಯನ್ನು ಸ್ಕ್ರೂವಿನಿಂದ ಬಿಗಿದಿದ್ದರು. ಗುಂಡು ನಳಿಕೆಯಿಂದ ಹೊರಟು ಆ ಸಣ್ಣ ಖಾಲಿ ಜಾಗವನ್ನು ದಾಟಿ ಬಿರಡೆಯ ತೂತಿಗೆ ನುಗ್ಗುತ್ತಿತ್ತು. ಗುಂಡು ತೂತನ್ನು ಮುಚ್ಚಿಕೊಂಡಿದ್ದ ಆ ಕ್ಷಣದಲ್ಲಿ ಅನಿಲ ಕೆಳಗಿನ ಸಿಲಿಂಡರಿಗೆ ತಿರುಗಿ, ಉದ್ದನೆಯ ಸರಳಿನ ತುದಿಯಲ್ಲಿದ್ದ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತಿತ್ತು.

ಕಾಗದದ ಮೇಲೆ ಚೆನ್ನಾಗಿದ್ದ ಈ ಏರ್ಪಾಡು ಸೈನಿಕರ ಕೈಯಲ್ಲಿ ತೊಂದರೆ ಕೊಟ್ಟಿತು. ಖಾಲಿ ಜಾಗದಲ್ಲಿ ಮಸಿ ಕಟ್ಟಿಕೊಳ್ಳುತ್ತಿತ್ತು, ಬಿಚ್ಚಿ ಒರೆಸುವುದು ಸುಲಭವಿರಲಿಲ್ಲ. ಮುಂದಿನ ಗುರಿಗುಬುಟೂ ಬಯೊನೆಟ್ಟೂ ಅದೇ ಸಿಲಿಂಡರಿಗೆ ಅಂಟಿಕೊಂಡಿದ್ದುದರಿಂದ ಅದು ಕೊಂಚ ಸಡಿಲವಾದರೆ ಗುರಿ ಕೆಡುತ್ತಿತ್ತು, ಬಯೊನೆಟ್ಟು ಅಲುಗುತ್ತಿತ್ತು. ಬಿರಡೆಯ ಸ್ಕ್ರೂ ಕಳಚಿ ತೂತು ನಳಿಕೆಯ ನೇರ ತಪ್ಪಿದರೆ ಗುಂಡು ಬಿರಡೆಗೇ ಬಡಿಯುವ ಅಪಾಯವಿತ್ತು. ಗ್ಯಾರಂಡ್ ಮತ್ತು ಸ್ಪ್ರಿಂಗ್‌ಫೀಲ್ಡಿನ ತಂತ್ರಜ್ಞರು ಮತ್ತೆ ನಕ್ಷೆಯ ಹಲಗೆಯ ಮುಂದೆ ಕುಳಿತರು. 1939ರ ಕೊನೆಯಲ್ಲಿ ಹೊಸ ವಿನ್ಯಾಸಕ್ಕೆ ಒಪ್ಪಿಗೆ ಸಿಕ್ಕಿ, 1940ರಲ್ಲಿ ಅದು ಕಾರ್ಖಾನೆಯ ಸಾಲಿಗೆ ಬಂದಿತು. ನಳಿಕೆಯನ್ನು ಪೂರ್ಣ 24 ಅಂಗುಲಕ್ಕೆ ಉದ್ದಮಾಡಿ, ಬಾಯಿಯ ಸಮೀಪ ಕೆಳಮೈಯಲ್ಲಿ ಸಣ್ಣ ರಂಧ್ರ ಕೊರೆದು, ಅನಿಲವನ್ನು ಅಲ್ಲಿಂದ ನೇರ ಸಿಲಿಂಡರಿಗೆ ಬಿಟ್ಟರು. ಬೋಲ್ಟು, ಸ್ಪ್ರಿಂಗು, ಕುದುರೆ, ಕ್ಲಿಪ್ಪಿನ ಏರ್ಪಾಡು ಯಾವುದನ್ನೂ ಬದಲಾಯಿಸಬೇಕಾಗಲಿಲ್ಲ. ರಂಧ್ರವನ್ನು ಬಾಯಿಯ ಹತ್ತಿರವೇ ಇಟ್ಟದ್ದರಿಂದ ಪಿಸ್ಟನ್ನಿಗೆ ಸಿಗುವ ಒತ್ತಡ ಹಳೆಯ ಮಟ್ಟಕ್ಕೆ ಸಮೀಪವಾಗಿಯೇ ಉಳಿಯಿತು. ಈ ಮಾರ್ಪಾಡಿನ ಯಶಸ್ಸಿನ ಕಾರಣವೇ ಅದು. ಉಳಿದೆಲ್ಲದರ ತೂಕವನ್ನು ಕದಡದೆ ಕೆಟ್ಟ ಒಂದು ಭಾಗವನ್ನು ಮಾತ್ರ ಅವರು ಎತ್ತಿ ಹಾಕಿದರು.

ಹಳೆಯ ಬಗೆಯ ರೈಫಲುಗಳು ಅಷ್ಟು ಹೊತ್ತಿಗೆ ಸುಮಾರು 50,000 ತಯಾರಾಗಿದ್ದವು. ದುರಸ್ತಿಗೆ ಬಂದಾಗಲೆಲ್ಲ ನಳಿಕೆ, ಸಿಲಿಂಡರು ಬದಲಾಗಿ ಅವು ಹೊಸ ಬಗೆಗೆ ತಿರುಗಿದವು. ಮೂಲ ರೂಪದಲ್ಲೇ ಉಳಿದವು ಇಂದು ವಸ್ತುಸಂಗ್ರಹಾಲಯಗಳಲ್ಲಿ, ಸಂಗ್ರಾಹಕರಲ್ಲಿ ಬೆರಳೆಣಿಕೆಯಷ್ಟು. ರಂಧ್ರದ ಬಗೆಯ ಎಂ1 ಎರಡನೆಯ ಮಹಾಯುದ್ಧ ಮತ್ತು ಕೊರಿಯಾ ಯುದ್ಧ ಎರಡರಲ್ಲೂ ಅಮೆರಿಕದ ಪದಾತಿಯ ಕೈಯಲ್ಲಿತ್ತು. ಒಟ್ಟು ತಯಾರಾದವು 50 ಲಕ್ಷಕ್ಕೂ ಮೇಲೆ.

ಗ್ಯಾರಂಡಿಗೆ ಒಂದು ಸೂಕ್ಷ್ಮ ಆಮೇಲೂ ಉಳಿಯಿತು. ಅದರ ರಂಧ್ರ ಬಾಯಿಯ ಬಳಿ ಇರುವುದರಿಂದ ಅಲ್ಲಿಗೆ ತಲಪುವಷ್ಟರಲ್ಲಿ ಒತ್ತಡ ಸಾಕಷ್ಟು ಇಳಿದಿರಬೇಕೆಂಬ ಲೆಕ್ಕ ಅದರ ವಿನ್ಯಾಸದಲ್ಲಿದೆ. ನಿಧಾನ ಉರಿಯುವ ಮದ್ದು ತುಂಬಿದ ತೋಟಾ ಹಾಕಿದರೆ ತುದಿಯಲ್ಲಿಯೂ ಒತ್ತಡ ಹೆಚ್ಚಿದ್ದು, ಉದ್ದನೆಯ ಸರಳು ಬಾಗುತ್ತದೆ. 1960ರ ದಶಕದಲ್ಲಿ ಅಮೆರಿಕದ ನೌಕಾಪಡೆ ತನ್ನ ಗ್ಯಾರಂಡ್‌ಗಳನ್ನು ಚಿಕ್ಕದಾದ 7.62 ನ್ಯಾಟೊ ತೋಟಾಕ್ಕೆ ಬದಲಾಯಿಸಿದಾಗ ಅನಿಲದ ರಂಧ್ರವನ್ನೂ ದೊಡ್ಡದು ಮಾಡಬೇಕಾಯಿತು. ತೋಟಾ ಬದಲಾದರೆ ರಂಧ್ರವೂ ಬದಲಾಗಬೇಕೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಇಟಲಿಯ ಬೆರೆಟ್ಟಾ ಕಂಪನಿ ಗ್ಯಾರಂಡಿನ ಮೈಯಿಂದಲೇ ಇಪ್ಪತ್ತು ತೋಟಾಗಳ ಬಿಎಂ59 ರೈಫಲನ್ನು ಹೊರತಂದಿತು. ಅಮೆರಿಕ 1957ರಲ್ಲಿ ಒಪ್ಪಿಕೊಂಡ ಎಂ14 ಗ್ಯಾರಂಡಿನ ನೇರ ಸಂತತಿಯಾದರೂ ಅದರ ಅನಿಲ ವ್ಯವಸ್ಥೆ ಬೇರೆ. ರಂಧ್ರವನ್ನು ಬಾಯಿಯಿಂದ ಹಿಂದಕ್ಕೆ ಸರಿಸಿ, ಟೊಳ್ಳು ಪಿಸ್ಟನ್ನೊಂದನ್ನು ಇಟ್ಟರು. ಪಿಸ್ಟನ್ನು ಕೊಂಚ ಸರಿದೊಡನೆ ಅದರ ತೂತು ನಳಿಕೆಯ ತೂತಿನಿಂದ ತಪ್ಪಿ ಅನಿಲದ ದಾರಿ ತಾನಾಗಿ ಮುಚ್ಚುತ್ತದೆ. ಬೇಕಾದಷ್ಟೇ ಅನಿಲ ತೆಗೆದುಕೊಂಡು ಬಾಗಿಲು ಹಾಕಿಕೊಳ್ಳುವ ಈ ಉಪಾಯ ನನ್ನ ಮಟ್ಟಿಗೆ ಇಡೀ ಗ್ಯಾರಂಡ್ ವಂಶದಲ್ಲಿ ಅತ್ಯಂತ ಚೆಲುವಾದ ಯಾಂತ್ರಿಕ ವಿಚಾರ.

ಜರ್ಮನಿಯ ಪಾಠ

ಜರ್ಮನ್ ಸೇನೆ 1940ರ ಸುಮಾರಿಗೆ ಅರೆಸ್ವಯಂಚಾಲಿತ ರೈಫಲು ಬೇಕೆಂದು ಕೇಳಿದಾಗ ಮೂರು ಕಟ್ಟಳೆ ಹಾಕಿತು. ನಳಿಕೆಗೆ ರಂಧ್ರ ಕೊರೆಯಕೂಡದು, ಗುಂಡು ಹಾರುವಾಗ ಮೇಲ್ಮೈಯಲ್ಲಿ ಯಾವ ಭಾಗವೂ ಚಲಿಸಕೂಡದು, ಅನಿಲ ವ್ಯವಸ್ಥೆ ಕೈಕೊಟ್ಟರೆ ಸಾಮಾನ್ಯ ಬೋಲ್ಟ್ ರೈಫಲಿನಂತೆ ಕೈಯಿಂದ ನಡೆಸಲು ಬರಬೇಕು. ಮೌಸರ್ ಕಂಪನಿ ಮೂರನ್ನೂ ಪಾಲಿಸಿತು. ವಾಲ್ಟರ್ ಕಂಪನಿ ಮೊದಲನೆಯದನ್ನು ಮಾತ್ರ ಉಳಿಸಿಕೊಂಡು ಉಳಿದೆರಡನ್ನು ಬಿಟ್ಟಿತು. ಎರಡೂ ಬಾಂಗ್ ಮಾದರಿಯ ಬಾಯಿಯ ಟೊಪ್ಪಿಗೆಯನ್ನೇ ಬಳಸಿದವು. ಗೆವೆರ್ 41 ಎಂಬ ಹೆಸರಿನ ಈ ರೈಫಲುಗಳು ಮುಂದುಗಡೆ ಭಾರ, ಮಸಿ ಕಟ್ಟಿಕೊಂಡು ಬೇಗ ನಿಲ್ಲುತ್ತಿದ್ದವು. ಪೂರ್ವದ ರಣರಂಗದ ಕೆಸರು, ಹಿಮಗಳಲ್ಲಿ ಅವುಗಳ ಬಗ್ಗೆ ದೂರುಗಳೇ ಹೆಚ್ಚು.

ಅದೇ ರಣರಂಗದಲ್ಲಿ ಜರ್ಮನರ ಕೈಗೆ ಸೋವಿಯತ್ ಸೇನೆಯ ತೋಕರೆವ್ ಎಸ್‌ವಿಟಿ-40 ರೈಫಲುಗಳು ಸಿಕ್ಕವು. ನಳಿಕೆಯ ಮೇಲೆ ರಂಧ್ರ, ಗಿಡ್ಡ ಓಟದ ಪಿಸ್ಟನ್ನು, ಹವೆ ಮತ್ತು ಮಸಿಗೆ ತಕ್ಕಂತೆ ಅನಿಲ ಹೆಚ್ಚುಕಡಿಮೆ ಮಾಡಲು ಐದು ಹಂತದ ರೆಗ್ಯುಲೇಟರು. ವಾಲ್ಟರ್ ತನ್ನ 41ರ ಬೋಲ್ಟನ್ನು ಉಳಿಸಿಕೊಂಡು, ಬಾಯಿಯ ಟೊಪ್ಪಿಗೆ ಕಿತ್ತುಹಾಕಿ, ತೋಕರೆವ್ ಬಗೆಯ ಪಿಸ್ಟನ್ನನ್ನು ಜೋಡಿಸಿತು. 1943ರಲ್ಲಿ ಹೊರಬಂದ ಗೆವೆರ್ 43 ಹಗುರವೂ ನಂಬಿಕಸ್ತವೂ ಆಗಿದ್ದು ಯುದ್ಧ ಮುಗಿಯುವುದರೊಳಗೆ ಸುಮಾರು ನಾಲ್ಕು ಲಕ್ಷ ತಯಾರಾದವು. ಗ್ಯಾರಂಡ್ ಮತ್ತು ವಾಲ್ಟರ್ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ತೀರ್ಮಾನ ಮುಟ್ಟಿದರು. ಬಾಯಿಯಲ್ಲಿ ಅನಿಲ ಹಿಡಿಯುವ ಬಗೆ ಅಲ್ಲಿಗೆ ಸೈನಿಕ ರೈಫಲುಗಳಿಂದ ಮರೆಯಾಯಿತು.

ಗಿಡ್ಡ ಓಟದ ಪಿಸ್ಟನ್ನಿನ ಇನ್ನೊಂದು ಹೆಸರಾಂತ ರೂಪ ಅಮೆರಿಕದ ಎಂ1 ಕಾರ್ಬೈನಿನದು. ಡೇವಿಡ್ ಮಾರ್ಷಲ್ ವಿಲಿಯಮ್ಸ್ ರೂಪಿಸಿದ ಅದರ ಪಿಸ್ಟನ್ನು ಒಂದು ಅಂಗುಲದ ಸಣ್ಣ ಭಾಗದಷ್ಟೇ ಸರಿದು ನಿಲ್ಲುತ್ತದೆ. ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯಲ್ಲಿ ಡ್ಯೂಡೊನೆ ಸೈವ್ ಮಾಡಿದ ಫಾಲ್ ಹೆಚ್ಚಾದ ಅನಿಲವನ್ನು ಹೊರಗೆ ಬಿಡುವ ರೆಗ್ಯುಲೇಟರಿನಿಂದ ಹೆಸರಾಗಿ, ಹಲವು ಹತ್ತು ದೇಶಗಳ ಸೇನೆಗಳನ್ನು ಸೇರಿತು. ಉದ್ದ ಓಟದ ಪಿಸ್ಟನ್ನಿಗೆ ಕಲಾಶ್ನಿಕೋವ್ ತಂದ ಕೀರ್ತಿಯನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ನೇರ ಅನಿಲ ಮತ್ತು ಎಂ16

ಸ್ವೀಡನ್ನಿನ ಎರಿಕ್ ಎಕ್ಲುಂಡ್ 1940ರ ದಶಕದ ಆರಂಭದಲ್ಲಿ ರೂಪಿಸಿದ ಯುಂಗ್‌ಮನ್ ರೈಫಲಿನಲ್ಲಿ ಪಿಸ್ಟನ್ನನ್ನು ತೆಗೆದುಹಾಕಿ, ಅನಿಲವನ್ನು ಕೊಳವೆಯಲ್ಲಿ ನೇರ ವಾಹಕಕ್ಕೆ ಒಯ್ದಿದ್ದರು. ಫ್ರಾನ್ಸಿನ ಮಾಸ್ 49 ಕೂಡ ಅದೇ ಬಗೆ. ಸ್ವೀಡನ್ನಿನಿಂದ ಯಂತ್ರಗಳನ್ನು ಕೊಂಡ ಈಜಿಪ್ಟ್ ಯುಂಗ್‌ಮನ್ ರೈಫಲನ್ನು ತನ್ನ ದೊಡ್ಡ 7.92 ಮಿಲಿಮೀಟರ್ ತೋಟಾಕ್ಕೆ ಹೊಂದಿಸಿ ಹಕೀಮ್ ಎಂಬ ರೈಫಲು ಮಾಡಿತು. ಬೇರೆ ತೋಟಾ ಬಂದದ್ದರಿಂದ ಮೂಲದಲ್ಲಿರದ ಅನಿಲ ಹೊಂದಾಣಿಕೆಯ ತಿರುಪನ್ನು ಅದಕ್ಕೆ ಸೇರಿಸಬೇಕಾಯಿತು.

ಅಮೆರಿಕದ ಯೂಜಿನ್ ಸ್ಟೋನರ್ ಆರ್ಮಲೈಟ್ ಕಂಪನಿಯಲ್ಲಿದ್ದಾಗ 1950ರ ದಶಕದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಅವರ ರೈಫಲಿನಲ್ಲಿ ಕೊಳವೆಯಿಂದ ಬಂದ ಅನಿಲ ವಾಹಕದ ಒಳಗೇ ಹೊಕ್ಕು, ಬೋಲ್ಟಿನ ಹಿಂದೆ ಹಿಗ್ಗುತ್ತದೆ. ಅಲ್ಲಿ ಬೋಲ್ಟೇ ಪಿಸ್ಟನ್ನು, ವಾಹಕವೇ ಸಿಲಿಂಡರು. ಇದನ್ನು ಸಾಮಾನ್ಯವಾಗಿ ನೇರ ಅನಿಲ ವ್ಯವಸ್ಥೆ ಎಂದು ಕರೆದರೂ ಯುಂಗ್‌ಮನ್ ಬಗೆಯಿಂದ ಇದು ಬೇರೆ. ಬಲವೆಲ್ಲ ನಳಿಕೆಯ ನೇರದಲ್ಲಿಯೇ ಹಿಂದಕ್ಕೆ ಹೋಗುವುದರಿಂದ ಬಂದೂಕು ಮೇಲಕ್ಕೆ ಎಗರುವುದು ಕಡಿಮೆ. ಮುಂದಿನ ತೂಕವೂ ಇಳಿಯುತ್ತದೆ. ಬೆಲೆಯೆಂದರೆ ಬಿಸಿಯೂ ಮಸಿಯೂ ನೇರ ಬೋಲ್ಟಿನ ಮನೆಗೆ ಬರುತ್ತವೆ.

ಇದೇ ರೈಫಲು ಎಂ16 ಆಗಿ ವಿಯೆಟ್ನಾಂ ಯುದ್ಧಕ್ಕೆ ಹೋದಾಗ ಸೈನಿಕರ ಕೈಯಲ್ಲಿ ಸಿಕ್ಕಿಹಾಕಿಕೊಳ್ಳತೊಡಗಿತು. ಗುಂಡಿನ ಮಳೆಯ ನಡುವೆ ಖಾಲಿ ತೋಟಾ ಹೊರಬರದೆ, ಅದನ್ನು ಕಡ್ಡಿಯಿಂದ ತಳ್ಳಿ ತೆಗೆಯುತ್ತಲೇ ಹುಡುಗರು ಸತ್ತರು. ದೋಷವನ್ನು ಸ್ಟೋನರ್ ಅವರ ಅನಿಲ ವ್ಯವಸ್ಥೆಯ ಮೇಲೆ ಹೊರಿಸುವುದು ಇಂದಿಗೂ ರೂಢಿಯಲ್ಲಿದೆ. ಅದು ಅನ್ಯಾಯ. ಮೂಲ ವಿನ್ಯಾಸ ಕಡ್ಡಿಯಾಕಾರದ ಕಣಗಳ ಒಂದು ಬಗೆಯ ಮದ್ದಿಗೆ ಹೊಂದಿಸಿದ್ದಾಗಿತ್ತು. ಸೇನೆ 1964ರಲ್ಲಿ ಉಂಡೆಯಾಕಾರದ ಕಣಗಳ ಬೇರೆ ಮದ್ದಿಗೆ ಹೋಯಿತು. ಹೊಸ ಮದ್ದಿನಲ್ಲಿ ರಂಧ್ರದ ಬಳಿ ಒತ್ತಡ ಹೆಚ್ಚು, ಬೋಲ್ಟಿನ ವೇಗ ಹೆಚ್ಚು, ಮಸಿಯೂ ಹೆಚ್ಚು. ಅದರ ಮೇಲೆ, ಚೇಂಬರಿಗೆ ಕ್ರೋಮಿಯಂ ಲೇಪವಿಲ್ಲದೆ ವಿಯೆಟ್ನಾಂನ ತೇವಕ್ಕೆ ತುಕ್ಕು ಹಿಡಿಯಿತು. ಒರೆಸುವ ಸಲಕರಣೆ ಸಾಲದೆ ಹೋಯಿತು, ಒರೆಸಲು ಕಲಿಸುವವರೂ ಇರಲಿಲ್ಲ. ಕಾಂಗ್ರೆಸ್ ಸದಸ್ಯ ರಿಚರ್ಡ್ ಐಕಾರ್ಡ್ ನೇತೃತ್ವದ ಉಪಸಮಿತಿ 1967ರಲ್ಲಿ ವಿಚಾರಣೆ ನಡೆಸಿ, ಮದ್ದು ಬದಲಾಯಿಸಿದ ರೀತಿಯನ್ನು ಕಟುವಾಗಿ ಟೀಕಿಸಿತು. ವಾಹಕದ ಓಟವನ್ನು ತಡೆಯುವ ಭಾರವಾದ ಹಿಂಬದಿಯ ಬಫರು, ಕ್ರೋಮಿಯಂ ಲೇಪದ ಚೇಂಬರು, ಮದ್ದಿನ ತಿದ್ದುಪಡಿ, ಜೊತೆಗೆ ಚಿತ್ರಕಥೆಯ ಹೆಸರಾಂತ ಕಲಾವಿದ ವಿಲ್ ಐಸ್ನರ್ ಬಿಡಿಸಿದ ನಿರ್ವಹಣೆಯ ಕೈಪಿಡಿ ಇವೆಲ್ಲ ಬಂದ ಮೇಲೆ ಎಂ16ಎ1 ಸುಧಾರಿಸಿತು. ಅನಿಲ ವ್ಯವಸ್ಥೆಯ ಒಂದು ತಿರುಪನ್ನೂ ಮುಟ್ಟದೆ, ಅದಕ್ಕೆ ಉಣಿಸುವ ಮದ್ದನ್ನು ಬದಲಾಯಿಸಿದರೂ ಸಾಕು, ವ್ಯವಸ್ಥೆಯೇ ಬದಲಾದ ಹಾಗೆ. ವಿಯೆಟ್ನಾಂನಲ್ಲಿ ಆದದ್ದು ಅದು.

ಮುಂದೆ ಎಂ16ರ ನಳಿಕೆಯನ್ನು ಕಡಿಮೆ ಮಾಡಿ ಎಂ4 ಕಾರ್ಬೈನ್ ಮಾಡಿದಾಗ ರಂಧ್ರ ಚೇಂಬರಿಗೆ ಹತ್ತಿರ ಬಂದಿತು. ಒತ್ತಡ ಇನ್ನೂ ಏರಿರುವಾಗಲೇ ಅನಿಲ ಹೊರಡುವುದರಿಂದ ಬೋಲ್ಟಿನ ಕಿವಿಗಳಿಗೂ ತೋಟಾ ಎಳೆಯುವ ಕೊಕ್ಕೆಗೂ ಪೆಟ್ಟು ಹೆಚ್ಚಾಯಿತು.

ಪಿಸ್ಟನ್ನಿಗೆ ಮರಳಿಕೆ

ಸ್ಟೋನರ್ ಬಿಟ್ಟುಹೋದ ಮೇಲೆ ಆರ್ಮಲೈಟ್ ಕಂಪನಿಯೇ 1960ರ ದಶಕದಲ್ಲಿ ಎಆರ್-18 ಎಂಬ ಗಿಡ್ಡ ಓಟದ ಪಿಸ್ಟನ್ ರೈಫಲನ್ನು ತಂದಿತು. ಅದು ಹೆಚ್ಚು ಮಾರಾಟವಾಗಲಿಲ್ಲ, ಆದರೆ ಬ್ರಿಟನ್ನಿನ ಎಸ್‌ಎ80, ಜರ್ಮನಿಯ ಜಿ36 ಮೊದಲಾದವುಗಳ ಅನಿಲ ವ್ಯವಸ್ಥೆಯ ತಾಯಿಬೇರು ಅದರಲ್ಲಿದೆ. ಜರ್ಮನಿಯ ಹೆಕ್ಲರ್ ಉಂಡ್ ಕೋಖ್ ಕಂಪನಿ ಜಿ36ರ ಆ ಪಿಸ್ಟನ್ನನ್ನು ಎಂ4 ಮಾದರಿಯ ಮೈಗೆ ಜೋಡಿಸಿ, ಅಮೆರಿಕದ ಡೆಲ್ಟಾ ಪಡೆಯ ಬೇಡಿಕೆಗೆ ತಕ್ಕಂತೆ ಎಚ್‌ಕೆ416 ಮಾಡಿತು. ನಾರ್ವೆ 2007ರಲ್ಲಿ ಅದನ್ನು ಆಯ್ದುಕೊಂಡಿತು. ಅಮೆರಿಕದ ಮರೀನ್ ಪಡೆ ಎಂ27 ಎಂಬ ಹೆಸರಿನಲ್ಲಿ ತೆಗೆದುಕೊಂಡಿತು. ಫ್ರಾನ್ಸ್ ತನ್ನ ಫಮಾಸ್ ರೈಫಲುಗಳ ಜಾಗಕ್ಕೆ ಅದನ್ನೇ ತಂದಿತು.

ಈ ಬೆಳವಣಿಗೆಯನ್ನು ಕಂಡು ಎಂ16 ವಂಶದ ಎಆರ್-15 ಬಗೆಯ ನಾಗರಿಕ ರೈಫಲುಗಳಿಗೂ ಪಿಸ್ಟನ್ ಜೋಡಣೆಯ ಸಾಮಗ್ರಿಗಳು ಅಮೆರಿಕದ ಮಾರುಕಟ್ಟೆಗೆ ಬಂದವು. ಅವುಗಳ ಜೊತೆ ಬಂದ ತೊಡಕು ಕಲಿಯತಕ್ಕದ್ದು. ಸ್ಟೋನರ್ ವಾಹಕ ನಡುವಿನಿಂದ ತಳ್ಳಿಸಿಕೊಳ್ಳಲು ರೂಪುಗೊಂಡದ್ದು. ಪಿಸ್ಟನ್ನು ಬಂದಾಗ ಏಟು ನಳಿಕೆಯ ನೇರದಿಂದ ಮೇಲೆ, ವಾಹಕದ ತಲೆಯ ಮೇಲೆ ಬೀಳುತ್ತದೆ. ವಾಹಕದ ಹಿಂಬದಿ ಕೆಳಕ್ಕೆ ಕುಸಿದು, ಬಫರಿನ ಕೊಳವೆಯ ಬಾಯಿಯನ್ನು ಉಜ್ಜಿ ಸವೆಸುತ್ತದೆ. ತಯಾರಕರು ವಾಹಕದ ಹಿಂಬದಿಯನ್ನು ದಪ್ಪಮಾಡಿ, ಮೈಯನ್ನು ಬೇರೆ ರೀತಿ ಕೆತ್ತಿ ಇದನ್ನು ಹದ್ದಿನಲ್ಲಿಟ್ಟರು. ಎಂದರೆ ಪಿಸ್ಟನ್ನೊಂದನ್ನು ಸೇರಿಸಲು ಹೋಗಿ ವಾಹಕವನ್ನೇ ಹೊಸದಾಗಿ ರೂಪಿಸಬೇಕಾಯಿತು. ಮುಂದಿನ ತೂಕವೂ ಹೆಚ್ಚಿತು. ಬೋಲ್ಟಿನ ಮನೆ ತಣ್ಣಗೆ, ಚೊಕ್ಕವಾಗಿ ಉಳಿಯಿತೆಂಬುದು ಅದಕ್ಕೆ ಸಿಕ್ಕ ಪ್ರತಿಫಲ.

ಯಾವುದು ಮೇಲೆಂಬ ಚರ್ಚೆಯಲ್ಲಿ ಅಮೆರಿಕದ ಸೇನೆ 2007ರ ಕೊನೆಯಲ್ಲಿ ಮೇರಿಲ್ಯಾಂಡಿನ ಅಬರ್ಡೀನ್ ಪರೀಕ್ಷಾ ಕೇಂದ್ರದಲ್ಲಿ ನಡೆಸಿದ ದೂಳಿನ ಪರೀಕ್ಷೆಯನ್ನು ಎಲ್ಲರೂ ಉದ್ಧರಿಸುತ್ತಾರೆ. ನಾಲ್ಕು ಬಗೆಯ ರೈಫಲುಗಳು, ತಲಾ ಹತ್ತು. ಒಂದೊಂದರಿಂದ 6,000 ಗುಂಡು. ಅಂದರೆ ಬಗೆಗೆ 60,000. ಎಂ4ರಲ್ಲಿ 882 ಸಲ ತಡೆಯಾಯಿತು. ಎಚ್‌ಕೆ416ರಲ್ಲಿ 233, ಸ್ಕಾರ್‌ನಲ್ಲಿ 226, ಎಕ್ಸ್‌ಎಂ8ರಲ್ಲಿ 127. ಮೂರೂ ಪಿಸ್ಟನ್ ರೈಫಲುಗಳು ಎಂ4ಗಿಂತ ಬಹಳ ಮುಂದಿವೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದೇ ವರ್ಷದ ಬೇಸಗೆಯಲ್ಲಿ ಇದೇ ರೀತಿಯ ಪರೀಕ್ಷೆಯಲ್ಲಿ ಎಂ4ರ ತಡೆಗಳು 307 ಮಾತ್ರ ಇದ್ದವೆಂಬುದನ್ನು ಹೇಳುವವರು ಕಡಿಮೆ. ಒಂದೇ ರೈಫಲು ಎರಡು ಪರೀಕ್ಷೆಗಳಲ್ಲಿ ಇಷ್ಟು ಬೇರೆಯಾಗಿ ನಡೆದುಕೊಂಡದ್ದು, ಕಾರಣವನ್ನೆಲ್ಲ ಅನಿಲದ ಬಗೆಗೇ ಕಟ್ಟಬಾರದೆಂಬುದಕ್ಕೆ ಸಾಕು. ದೂಳಿನಲ್ಲಿ, ನೀರಿನಲ್ಲಿ, ಆರೈಕೆಯಿಲ್ಲದೆ ಬಹಳ ಗುಂಡು ಹಾರಿಸುವ ಗಿಡ್ಡ ನಳಿಕೆಯ ರೈಫಲಿಗೆ ಪಿಸ್ಟನ್ನು ಮೇಲು. ಉದ್ದ ನಳಿಕೆಯ, ಗುರಿಯ ನಿಖರತೆಗೆ ಬೆಲೆ ಕೊಡುವ ರೈಫಲಿನಲ್ಲಿ ಸ್ಟೋನರ್ ಅವರ ಹಗುರವಾದ ಏರ್ಪಾಡನ್ನು ಕಿತ್ತುಹಾಕಲು ಕಾರಣವಿಲ್ಲ.

ಭಾರತದಲ್ಲಿ

1962ರ ಚೀನಾ ಯುದ್ಧದಲ್ಲಿ ಭಾರತದ ಪದಾತಿಯ ಕೈಯಲ್ಲಿದ್ದದ್ದು ಕೈಯಿಂದ ಬೋಲ್ಟು ಎಳೆಯುವ .303 ರೈಫಲು. ಆ ಯುದ್ಧದ ನಂತರ ಪಶ್ಚಿಮ ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆಯಲ್ಲಿ ಫಾಲ್ ಮಾದರಿಯ 7.62 ಮಿಲಿಮೀಟರ್ 1ಎ1 ತಯಾರಾಗತೊಡಗಿತು. ಸೈನಿಕರ, ಪೊಲೀಸರ, ಎನ್‌ಸಿಸಿ ಕೆಡೆಟ್‌ಗಳ ಮಾತಿನಲ್ಲಿ ಅದು ಎಸ್‌ಎಲ್‌ಆರ್. ಅದರ ನಳಿಕೆಯ ಮೇಲಿನ ರೆಗ್ಯುಲೇಟರಿನಿಂದ ಅನಿಲವನ್ನು ಹೆಚ್ಚುಕಡಿಮೆ ಮಾಡಬಹುದು, ರೈಫಲ್ ಗ್ರೆನೇಡು ಹಾರಿಸುವಾಗ ಪೂರ್ತಿ ನಿಲ್ಲಿಸಲೂಬಹುದು. ಪುಣೆಯ ಶಸ್ತ್ರಾಸ್ತ್ರ ಸಂಶೋಧನಾ ಸಂಸ್ಥೆ ರೂಪಿಸಿ, 1990ರ ದಶಕದಲ್ಲಿ ಸೇನೆಗೆ ಬಂದ 5.56 ಮಿಲಿಮೀಟರ್ ಇನ್ಸಾಸ್ ರೈಫಲಿನಲ್ಲಿ ಎರಡು ವಂಶಗಳು ಕೂಡಿವೆ. ಪಿಸ್ಟನ್ನೂ ತಿರುಗುವ ಬೋಲ್ಟೂ ಕಲಾಶ್ನಿಕೋವ್‌ನಂತೆ; ಅನಿಲದ ರೆಗ್ಯುಲೇಟರು ಫಾಲ್‌ನಿಂದ ಬಂದದ್ದು. ಕಾರ್ಗಿಲ್‌ನ ಚಳಿಯಲ್ಲಿ ಅದರ ಬಗ್ಗೆ ಬಂದ ದೊಡ್ಡ ದೂರು ಪ್ಲಾಸ್ಟಿಕ್ ಮ್ಯಾಗಜಿನ್ನು ಬಿರುಕುಬಿಡುವುದಾಗಿತ್ತು.

ಈಗ ಇನ್ಸಾಸ್‌ನ ಜಾಗಕ್ಕೆ ಉತ್ತರ ಪ್ರದೇಶದ ಅಮೇಠಿ ಬಳಿಯ ಕೊರ್ವಾದಲ್ಲಿ ತಯಾರಾಗುವ ಉದ್ದ ಓಟದ ಎಕೆ-203 ಬರುತ್ತಿದೆ. ಆರು ಲಕ್ಷಕ್ಕೂ ಹೆಚ್ಚು ರೈಫಲುಗಳ ಒಪ್ಪಂದಕ್ಕೆ 2021ರ ಡಿಸೆಂಬರಿನಲ್ಲಿ ಸಹಿ ಬಿತ್ತು. ಅದಕ್ಕೆ ಮೊದಲು 2019ರಲ್ಲಿ ಅಮೆರಿಕದಿಂದ ತರಿಸಲು ಒಪ್ಪಂದವಾದ 72,400 ಸಿಗ್ 716 ರೈಫಲುಗಳು ಎಆರ್ ಮಾದರಿಯ ಮೈಯವು. ಬೆಂಗಳೂರಿನ ಖಾಸಗಿ ಸಂಸ್ಥೆ ಎಸ್‌ಎಸ್‌ಎಸ್ ಡಿಫೆನ್ಸ್ ಪಿ-72 ಹೆಸರಿನ ರೈಫಲುಗಳನ್ನು ರೂಪಿಸಿದೆ.

ನಾಗರಿಕರ ಮಟ್ಟಿಗೆ ಕಾನೂನು ಸ್ಪಷ್ಟವಾಗಿದೆ. 1959ರ ಆಯುಧ ಕಾಯ್ದೆಯ 5ನೆಯ ಪ್ರಕರಣ ತಯಾರಿಕೆ, ಮಾರಾಟ, ದುರಸ್ತಿಗಳ ಜೊತೆಗೆ ಮಾರ್ಪಾಡನ್ನೂ ಪರವಾನಗಿಯ ಅಡಿಯಲ್ಲಿ ಇಟ್ಟಿದೆ. 7ನೆಯ ಪ್ರಕರಣ ನಿಷಿದ್ಧ ಆಯುಧಗಳನ್ನು ಕೇಂದ್ರ ಸರ್ಕಾರದ ವಿಶೇಷ ಅನುಮತಿಯಿಲ್ಲದೆ ಹೊಂದುವುದನ್ನೂ ತಯಾರಿಸುವುದನ್ನೂ ತಡೆಯುತ್ತದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ನಡೆದುಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದೆ. ಅದು ಬಂದೂಕು ಹೊಂದುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ ವಿನಾಯಿತಿ.